ನೀರಿನಿಂದ ಎತ್ತಿದವರಿಗೆ ಮೊದಲು ಉಸಿರು

ರಾಷ್ಟ್ರಕೂಟರ ರಾಜಧಾನಿಯಾಗಿದ್ದ ನಮ್ಮ ಮಳಖೇಡ ಕಾಗಿಣಾ ನದಿಯ ದಡದಲ್ಲಿದೆ. ಮಳೆಗಾಲದಲ್ಲಿ ಈ ನದಿ ತುಂಬಿ ಹರಿಯುತ್ತದೆ. ಶಹಾಬಾದ ಕಡೆಯ ಹಳೆಯ ಕಲ್ಲುಗಣಿಗಳಲ್ಲೂ ನೀರು ನಿಲ್ಲುತ್ತದೆ. ಮುಳುಗಿದವರನ್ನು ಮೇಲೆತ್ತಿದ ಕೂಡಲೇ ಹೊಟ್ಟೆ ಒತ್ತಿ, ತಲೆಕೆಳಗಾಗಿ ಹಿಡಿದು ನೀರು ತೆಗೆಯಲು ನೋಡುವವರು ಇಂದಿಗೂ ಇದ್ದಾರೆ. ಈ ರೂಢಿ ತಪ್ಪೆಂದು ತಿಳಿಯಲು ಜಗತ್ತಿಗೂ ಬಹಳ ಕಾಲ ಹಿಡಿಯಿತು.

ಮುಳುಗಿದವರಿಗೆ ಬಾಯಿಯಿಂದ ಬಾಯಿಗೆ ಉಸಿರು ಕೊಡಬೇಕೆಂದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ 1740ರಲ್ಲಿಯೇ ಹೇಳಿತ್ತು. 1767ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ, 1774ರಲ್ಲಿ ಲಂಡನ್ನಿನಲ್ಲಿ ಮುಳುಗಿದವರನ್ನು ಬದುಕಿಸಲೆಂದೇ ಸಂಘಗಳು ಹುಟ್ಟಿದವು. ಆದರೆ ಆಗ ಪೀಪಾಯಿಯ ಮೇಲೆ ಹೊರಳಿಸುವುದು, ಗುದದ್ವಾರದಿಂದ ತಂಬಾಕಿನ ಹೊಗೆ ಊದುವುದು ಕೂಡ ಚಿಕಿತ್ಸೆ ಎನಿಸಿತ್ತು. ಮುಂದೆ ಬೆನ್ನು ಒತ್ತುವ, ತೋಳು ಎತ್ತುವ ವಿಧಾನಗಳು ಬಂದು, ಬಾಯಿಯ ಉಸಿರು ಹಿಂದೆ ಸರಿಯಿತು. ಅದೇ ಮೇಲೆಂದು 1950ರ ದಶಕದಲ್ಲಿ ಅಮೆರಿಕದ ವೈದ್ಯರಾದ ಜೇಮ್ಸ್ ಎಲಾಮ್ ಮತ್ತು ಪೀಟರ್ ಸಫಾರ್ ಪ್ರಯೋಗಗಳಿಂದ ತೋರಿಸಿದರು. ಎದೆ ಒತ್ತುವ ಕ್ರಮ 1960ರಲ್ಲಿ ಪ್ರಕಟವಾಯಿತು.

ಮುಳುಗಿದವರ ಹೃದಯ ನಿಲ್ಲುವುದು ಉಸಿರು ಸಿಗದೆ. ಹೊಟ್ಟೆ ಒತ್ತಿದರೆ ವಾಂತಿ ಶ್ವಾಸನಾಳಕ್ಕೆ ಇಳಿಯಬಹುದು. ಅಮೂಲ್ಯ ಸಮಯವೂ ಹೋಗುತ್ತದೆ.

ವಿದ್ಯಾರ್ಥಿ ಮಿತ್ರರೇ, ಈಜು ಬಾರದವರು ನೀರಿಗೆ ಹಾರಬೇಡಿ. ಹಗ್ಗ, ಕೋಲು ಚಾಚಿ. 108ಕ್ಕೆ ಫೋನ್ ಮಾಡಿಸಿ. ಮೇಲೆತ್ತಿದವರಿಗೆ ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಹಿಡಿದು ಎರಡು ಸಲ ಉಸಿರು ಊದಿ. ಬಳಿಕ ಎದೆಯ ನಡುವೆ 30 ಸಲ ಬಲವಾಗಿ ಒತ್ತಿ, ಮತ್ತೆ 2 ಸಲ ಊದಿ. ನೆರವು ಬರುವವರೆಗೆ ನಿಲ್ಲಿಸಬೇಡಿ. ಎದ್ದು ಕುಳಿತರೂ ಆಸ್ಪತ್ರೆಗೆ ಒಯ್ಯಲೇಬೇಕು.