ನೇತ್ರಾಣಿ ಸ್ಕೂಬಾಗೆ ಹೊರಟೀರಾ? ಒಳ್ಳೆ ಅಂಗಡಿ ಹೆಂಗಿರ್ತದೆ, ಬುಕ್ ಮಾಡೋ ಮುಂಚೆ ಏನ್ ಕೇಳ್ಬೇಕು

ಮೋಟೆಬೆನ್ನೂರು: ಮಳೆಗಾಲ ಮುಗಿದು ಅಕ್ಟೋಬರ್ ಬಂತಂದ್ರೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆಯ ಹುಡುಗರು ಶಿರಸಿ ದಾಟಿ ಘಟ್ಟ ಇಳಿದು ಮುರ್ಡೇಶ್ವರಕ್ಕೆ ಹೊರಡುತ್ತಾರೆ. ಮೊದಲೆಲ್ಲ ಗುಡಿ, 123 ಅಡಿ ಎತ್ತರದ ಶಿವನ ಮೂರ್ತಿ ನೋಡಿ ವಾಪಸ್ ಬರುತ್ತಿದ್ದರು. ಈಗ ರೀಲ್ಸ್ ನೋಡಿ ‘ಸ್ಕೂಬಾ ಮಾಡೇ ಬಿಡೋಣ’ ಅಂತಾರೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಚೀಲ ಬಿಚ್ಚಿಸಿ ಮೆಣಸಿನಕಾಯಿಯ ಬಣ್ಣ, ತೇವ ನೋಡದೆ ಯಾರೂ ರೇಟ್ ಕಟ್ಟೋದಿಲ್ಲ. ಸಮುದ್ರಕ್ಕೆ ಇಳಿಯುವಾಗ ಮಾತ್ರ ನಾವು ಕೇಳೋದು ಒಂದೇ ಪ್ರಶ್ನೆ: ‘ಎಷ್ಟ್ರಿ ರೇಟು?’

ಅಂಗಡಿಯವರು ಹೇಗೆ ಮಾರಬೇಕು, ಗಿರಾಕಿ ಏನು ಕೇಳಬೇಕು ಅನ್ನೋದರ ಮಾಹಿತಿ ಇಲ್ಲಿದೆ.

ಎಲ್ಲಿದೆ, ಏನಿದೆ?

ನೇತ್ರಾಣಿ ಉತ್ತರ ಕನ್ನಡ ಜಿಲ್ಲೆ ಭಟ್ಕಳ ತಾಲ್ಲೂಕಿನ ದ್ವೀಪ. ಮುರ್ಡೇಶ್ವರದಿಂದ ಸಮುದ್ರದಲ್ಲಿ ಸುಮಾರು 19 ಕಿ.ಮೀ. ದೂರ. ದೋಣಿಯಲ್ಲಿ ಒಂದು ತಾಸಿಗೂ ಹೆಚ್ಚು ಬೇಕಾಗಬಹುದು. ಹವಳ, ಬಣ್ಣ ಬಣ್ಣದ ಮೀನು ನೋಡಲು ಜನ ಹೋಗುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಅಲೆ ಜೋರಾಗಿರುವುದರಿಂದ ಡೈವಿಂಗ್ ಇರೋದಿಲ್ಲ.

ಒಳ್ಳೆ ವ್ಯಾಪಾರಿ ಮೊದಲು ಕೇಳ್ತಾನೆ

ರಾಣೆಬೆನ್ನೂರಿನ ಬೀಜದ ಅಂಗಡಿಗೆ ಹೋಗಿ ನೋಡಿ. ಅನುಭವಸ್ಥ ವ್ಯಾಪಾರಿ ಪ್ಯಾಕೆಟ್ ತೆಗೆದು ಕೊಡೋಕೆ ಮುಂಚೆ ‘ಹೊಲ ಎರಿಯೋ, ಮಸಾರಿಯೋ? ನೀರಾವರಿ ಐತೇನು?’ ಅಂತ ಕೇಳ್ತಾನೆ. ಸ್ಕೂಬಾ ಅಂಗಡಿಯ ಒಳ್ಳೆ ಸೇಲ್ಸ್‌ಮನ್ ಕೂಡ ಹಾಗೇ ಇರಬೇಕು. ಪ್ಯಾಕೇಜ್ ಹೇಳುವ ಮುಂಚೆ ಅವನು ಕೇಳಬೇಕಾದ ಪ್ರಶ್ನೆಗಳು ಇವು: ಅಸ್ತಮಾ, ಹೃದಯದ ತೊಂದರೆ, ಫಿಟ್ಸ್ ಇದೆಯಾ? ಕಿವಿ ಆಪರೇಷನ್ ಆಗಿದೆಯಾ? ನೆಗಡಿ ಇದೆಯಾ? ಹೆಣ್ಣುಮಕ್ಕಳಾದರೆ ಗರ್ಭಿಣಿಯಾ? ಇಂತಹ ಆರೋಗ್ಯದ ಫಾರ್ಮ್ ತುಂಬಿಸಿಕೊಳ್ಳೋದು ಜಗತ್ತಿನ ಎಲ್ಲ ಕಡೆ ಇರುವ ಪದ್ಧತಿ. ಅದನ್ನು ಓದಿ ವಿವರಿಸದೆ ‘ಇಲ್ಲೊಂದು ಸೈನ್ ಹಾಕ್ರಿ’ ಅಂದರೆ ಅದು ಸೇವೆ ಅಲ್ಲ. ಫಾರ್ಮ್ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಹೇಳಿಸಿಕೊಂಡೇ ಸಹಿ ಹಾಕಿ.

ಆರೋಗ್ಯ ಸರಿ ಇಲ್ಲದವರಿಗೆ ‘ಈ ಸಲ ಬೇಡ್ರಿ’ ಅನ್ನುವ ಅಂಗಡಿಗೆ ಆ ದಿನ ಒಂದು ಟಿಕೆಟ್ ಲಾಸ್ ಆಗಬಹುದು. ಆದರೆ ಮುಂದಿನ ವರ್ಷ ಹತ್ತು ಜನರನ್ನು ಕರಕೊಂಡು ಬರೋದು ಇಂಥ ಅಂಗಡಿಗೇ.

ಮುಚ್ಚಿಡಬಾರದ ಸಂಗತಿಗಳು

ಸಿಲಿಂಡರಿನಲ್ಲಿ ಇರೋದು ಆಕ್ಸಿಜನ್ ಅಂತ ಬಹಳ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಅದರಲ್ಲಿ ಇರೋದು ನಾವು ಉಸಿರಾಡುವ ಗಾಳಿಯೇ, ಒತ್ತಿ ತುಂಬಿರುತ್ತಾರೆ ಅಷ್ಟೆ. 10 ಮೀಟರ್ ಆಳಕ್ಕೆ ಹೋದರೆ ಮೈಮೇಲಿನ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು ಆಗುತ್ತದೆ. ಅದಕ್ಕೇ ಕಿವಿ ನೋಯುತ್ತದೆ. ಇಳಿಯುತ್ತಾ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳಬೇಕು. ನೀರೊಳಗೆ ಉಸಿರು ಕಟ್ಟಿ ಹಿಡಿಯಲೇಬಾರದು. ಉಸಿರು ಹಿಡಿದು ಮೇಲೆ ಬಂದರೆ ಪುಪ್ಪುಸಕ್ಕೆ ಪೆಟ್ಟಾಗುತ್ತದೆ.

ಪಾಡಿ ಸಂಸ್ಥೆಯ ನಿಯಮದ ಪ್ರಕಾರ ಮೊದಲ ಸಲ ಇಳಿಯುವವರಿಗೆ ಗರಿಷ್ಠ ಆಳ 12 ಮೀಟರ್, ಕನಿಷ್ಠ ವಯಸ್ಸು 10. ಈಜು ಬರಲೇಬೇಕು ಅಂತಿಲ್ಲ, ಆದರೆ ಬರೋದಿಲ್ಲ ಅಂತ ಮೊದಲೇ ಹೇಳಿ.

ದೋಣಿಯಲ್ಲಿ ವಾಂತಿ ಬರಬಹುದು ಅನ್ನೋದನ್ನೂ ಬುಕಿಂಗ್ ಟೈಮಲ್ಲೇ ತಿಳಿಸಬೇಕು. ಫೋಟೋದಲ್ಲಿ ಕಂಡಷ್ಟು ತಿಳಿನೀರು ದಿನಾಲೂ ಇರೋದಿಲ್ಲ, ಅದನ್ನೂ ಹೇಳಬೇಕು. ಮೊದಲೇ ಹೇಳಿದರೆ ಗಿರಾಕಿ ಬೈಯೋದಿಲ್ಲ. ಆಮೇಲೆ ಹೇಳಿದರೆ ಅದು ನೆಪ ಅನಿಸುತ್ತದೆ.

ಘಟ್ಟ ಹತ್ತುವ ಲೆಕ್ಕ

ನಮ್ಮ ಕಡೆಯವರಿಗೆ ಮುಖ್ಯವಾದ ಪ್ರಶ್ನೆ: ‘ಯಾವೂರ್ರಿ? ಇವತ್ತೇ ವಾಪಸ್ ಹೋಗ್ತೀರಾ?’ ಡೈವ್ ಮಾಡಿದಾಗ ಮೈಯಲ್ಲಿ ಸೇರಿದ ಹೆಚ್ಚುವರಿ ನೈಟ್ರೋಜನ್ ಹೊರಹೋಗಲು ಸಮಯ ಬೇಕು. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಲಹೆಯಂತೆ ಒಂದೇ ಡೈವ್ ಆದರೆ ವಿಮಾನ ಹತ್ತಲು 12 ತಾಸು, ಹೆಚ್ಚು ಸಲ ಇಳಿದಿದ್ದರೆ 18 ತಾಸು ಕಾಯಬೇಕು. ಈ ಲೆಕ್ಕ ಶುರುವಾಗೋದು ವಿಮಾನದೊಳಗಿನ ಒತ್ತಡ 2,000 ಅಡಿ ಎತ್ತರಕ್ಕೆ ಸಮನಾದಾಗಿನಿಂದ. ನಮ್ಮ ಬಯಲು ಸೀಮೆ, ಶಿರಸಿ ಎಲ್ಲ ಹೆಚ್ಚುಕಡಿಮೆ ಆ ಎತ್ತರದಲ್ಲೇ ಇವೆ. ಕಡಿಮೆ ಆಳದ ಒಂದು ಸಣ್ಣ ಡೈವ್‌ಗೆ ಗಾಬರಿ ಬೇಡ. ಆದರೂ ಡೈವ್ ಮುಗಿಸಿ ಕೂಡಲೇ ಗಾಡಿ ಹತ್ತದೆ, ಒಂದು ರಾತ್ರಿ ಕೆಳಗೇ ಉಳಿದು ಬರೋದು ಜಾಣತನ. ಇದನ್ನು ತಾವಾಗೇ ಹೇಳುವ ಅಂಗಡಿ ಗಿರಾಕಿಯ ಬಗ್ಗೆ ಕಾಳಜಿ ಇರುವ ಅಂಗಡಿ.

ನೀವು ಕೇಳಬೇಕಾದ್ದು

- ನೇತ್ರಾಣಿಗೇ ಕರಕೊಂಡು ಹೋಗ್ತೀರಾ, ದಂಡೆ ಹತ್ತಿರವೇ ಇಳಿಸ್ತೀರಾ?
- ನೀರೊಳಗೆ ಎಷ್ಟು ನಿಮಿಷ? ಒಬ್ಬ ಮಾರ್ಗದರ್ಶಕನಿಗೆ ಎಷ್ಟು ಜನ? ಅವನ ಸರ್ಟಿಫಿಕೇಟ್ ತೋರಿಸ್ತೀರಾ?
- ಪರವಾನಗಿ, ವಿಮೆ ಇದೆಯಾ? ದೋಣಿಯಲ್ಲಿ ಲೈಫ್ ಜಾಕೆಟ್, ತುರ್ತು ಆಕ್ಸಿಜನ್ ಇದೆಯಾ?
- ಫೋಟೋ, ವಿಡಿಯೋ, ಊಟ ಈ ರೇಟಿನಲ್ಲೇ ಸೇರಿದೆಯಾ?
- ಹವಾಮಾನ ಕೆಟ್ಟು ದೋಣಿ ಹೋಗದಿದ್ದರೆ ದುಡ್ಡು ವಾಪಸ್ಸಾ, ಬೇರೆ ದಿನವಾ? ವಾಟ್ಸ್‌ಆ್ಯಪಿನಲ್ಲಿ ಬರೆದು ಕಳಿಸ್ತೀರಾ?

ಬಿಲ್ ಬಿಡಬೇಡಿ

ಎಷ್ಟೋ ದಿನದ ಕೂಲಿ ಕೂಡಿಟ್ಟು ಹೋಗುವ ಹುಡುಗರಿದ್ದಾರೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಬಿಲ್ ಕೊಡದಿರುವುದೂ ಅನುಚಿತ ವ್ಯಾಪಾರ. ಮೋಸವಾದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕೇಸು ಹಾಕಲು ಭಟ್ಕಳ, ಕಾರವಾರ ಅಲೆಯಬೇಕಿಲ್ಲ. ಈ ಕಾಯ್ದೆಯಡಿ ದೂರುದಾರ ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಹಾವೇರಿ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಕಟ್ಟಿದ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ಸಲ್ಲಿಸಬೇಕು.

ಕೊನೆಯದಾಗಿ

2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲತೀರದಲ್ಲಿ ನೀರುಪಾಲಾದರು. ಅದು ಸ್ಕೂಬಾ ಅಲ್ಲ, ದಂಡೆಯಲ್ಲೇ ನಡೆದ ದುರಂತ. ಕೆರೆ, ಹೊಳೆ ಕಂಡು ಬೆಳೆದ ನಮಗೆ ಸಮುದ್ರದ ಅಂದಾಜು ಸಿಗೋದಿಲ್ಲ. ಹಾಗಾಗಿ ಮಾರುವವನು ಬಾಯಿಬಿಟ್ಟು ಹೇಳಬೇಕು, ಕೊಳ್ಳುವವನು ನಾಚಿಕೆ ಬಿಟ್ಟು ಕೇಳಬೇಕು. ದೋಣಿ ಹತ್ತಿದ ಮೇಲೂ ಬೇಡ ಅನಿಸಿದರೆ ‘ನಾ ಇಳಿಯಂಗಿಲ್ರಿ’ ಅನ್ನಿ. ಆಗ ಬಲವಂತ ಮಾಡದೆ ‘ಆಗ್ಲಿ, ಕೂತ್ಕೊಳ್ರಿ’ ಅನ್ನುವವನೇ ಒಳ್ಳೆ ಅಂಗಡಿಯವನು.