ಹಾಡಿದವರ ಹೆಸರೆಲ್ಲಿ?

ಹುಣಸೂರಿನಿಂದ ನಾಗರಹೊಳೆ ಕಡೆ ಹೊರಟರೆ ವೀರನಹೊಸಹಳ್ಳಿಯಲ್ಲಿ ಅರಣ್ಯ ಇಲಾಖೆಯ ಗೇಟು ಸಿಗುತ್ತೆ. ಅಲ್ಲಿಂದಾಚೆ ಹುಲಿ ಕಾಡು. ಆ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರಿದ್ದಾರೆ. ನೋಡಿ, ಕಾಡಿನ ಹುಲಿಗಳ ಲೆಕ್ಕ ನಮ್ಮ ಹತ್ರ ಇದೆ. ಕ್ಯಾಮೆರಾ ಇಟ್ಟು, ಪಟ್ಟೆ ನೋಡಿ, ಒಂದೊಂದನ್ನೂ ಗುರುತು ಹಿಡೀತೀವಿ. ಆದರೆ ಹಾಡಿಯ ಹಾಡು? ಅದನ್ನು ಹಾಡುವವರ ಗುರುತು?

ಜಾತ್ರೆಯಲ್ಲಿ ಜಾನಪದ ಗೀತೆಗಳ ಕ್ಯಾಸೆಟ್ ಮಾರ್ತಿದ್ರು. ಆಮೇಲೆ ಸಿ.ಡಿ. ಬಂತು, ಪೆನ್‌ಡ್ರೈವ್ ಬಂತು. ಅಂಥ ಸಂಗ್ರಹ ಕೈಗೆ ಬಂದ್ರೆ ಒಳ್ಳೇದೋ ಕೆಟ್ಟದ್ದೋ ಅಂತ ಹೇಗೆ ತೀರ್ಮಾನ ಮಾಡ್ತೀರಿ? ಎಷ್ಟು ಹಾಡಿದೆ, ದನಿ ಇಂಪಾಗಿದೆಯಾ, ಇಷ್ಟೇ ತಾನೆ? ನನ್ನ ಪ್ರಕಾರ ಅದು ಸಾಲದು. ನಾನು ಮೂರು ಪ್ರಶ್ನೆ ಕೇಳ್ತೀನಿ. ಹಾಡಿದವರು ಯಾರು? ಯಾವ ಸಂದರ್ಭದ ಹಾಡು? ಎಷ್ಟು ಕತ್ತರಿಸಿದ್ದಾರೆ?

ಇತಿಹಾಸ ನೋಡಿ. ಪಕ್ಕದ ಕೊಡಗಿನಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ 'ಪಟ್ಟೋಲೆ ಪಳಮೆ' ಪ್ರಕಟಿಸಿದರು. ದುಡಿ ಬಾರಿಸಿಕೊಂಡು ಹಾಡುವ ಹಾಡುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟರು. ಬರೀ ಹಾಡಲ್ಲ, ಮದುವೆ, ಸಾವು, ಹಬ್ಬ, ಯಾವುದಕ್ಕೆ ಯಾವ ಹಾಡು ಅನ್ನೋದೂ ಅಲ್ಲಿದೆ. ಅದಕ್ಕೇ ನೂರು ವರ್ಷ ಆದ್ಮೇಲೂ ಕೊಡವರು ಆ ಪುಸ್ತಕ ತೆಗೆದು ನೋಡ್ತಾರೆ.

ದೂರದ ಐರ್ಲೆಂಡಿಗೂ ಇದೇ ಚಿಂತೆ ಇತ್ತು. ಅಲನ್ ಲೋಮ್ಯಾಕ್ಸ್ ಎಂಬ ಅಮೆರಿಕದ ಸಂಗ್ರಾಹಕ 1951ರಲ್ಲಿ ಅಲ್ಲಿಗೆ ಹೋಗಿ, ಸ್ಥಳೀಯ ಸಂಗ್ರಾಹಕ ಶೇಮಸ್ ಎನ್ನಿಸ್ ಜೊತೆ ಸೇರಿ ಹಳ್ಳಿ ಹಾಡುಗಳನ್ನು ಧ್ವನಿಮುದ್ರಿಸಿದ. ಅದರಿಂದ ಬಂದ ಆಲ್ಬಂನಲ್ಲಿ ಬೆಸ್ ಕ್ರೋನಿನ್ ಅನ್ನೋ ಹಳ್ಳಿಯ ಅಜ್ಜಿಯ ಹೆಸರಿದೆ. ಆಕೆ ಬರೀ 'ಸಾಂಪ್ರದಾಯಿಕ' ಆಗಿ ಕರಗಿಹೋಗಲಿಲ್ಲ.

ಈಗ ನಮ್ಮ ಕಡೆ ಬನ್ನಿ. ಮಲೆ ಮಾದೇಶ್ವರನ ಕಥೆಯನ್ನು ಕಂಸಾಳೆಯವರು ರಾತ್ರಿಯಿಡೀ ಹಾಡ್ತಾರೆ. ಪಿ.ಕೆ. ರಾಜಶೇಖರ ಅವರು 1973ರಲ್ಲಿ ಅದನ್ನು ಮಹಾಕಾವ್ಯವಾಗಿಯೇ ಪುಸ್ತಕಕ್ಕೆ ತಂದರು. ಆದರೆ ಹಳೇ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಸ್ತಿದ್ದಿದ್ದು ಸುಮಾರು 3 ನಿಮಿಷ. 60 ನಿಮಿಷದ ಕ್ಯಾಸೆಟ್ಟಿನ ಒಂದು ಬದಿಗೆ 30 ನಿಮಿಷ. ರಾತ್ರಿಯಿಡೀ ಹಾಡೋದನ್ನು ಅರ್ಧ ಗಂಟೆಗೆ ಇಳಿಸಿದ್ರೆ ಉಳಿಯೋದು ಏನು? ತಾಳ ಉಳಿಯುತ್ತೆ, ಕಥೆ ಹೋಗುತ್ತೆ. ನಾನು ಸಿನಿಮಾ ವಿರೋಧಿ ಅಲ್ಲ. 1996ರ 'ಜನುಮದ ಜೋಡಿ' ಬರದೇ ಇದ್ದಿದ್ರೆ ಕೋಲುಮಂಡೆ ಜಂಗಮನ ಹಾಡು ಬೆಂಗಳೂರಿನ ಎಷ್ಟೋ ಮನೆಗಳಿಗೆ ತಲುಪ್ತಾನೇ ಇರಲಿಲ್ಲ. ಅದು ಹಾಡಿಗೆ ಬಾಗಿಲು ತೆರೀತು. ಆದರೆ ಬಾಗಿಲನ್ನೇ ಮನೆ ಅಂದುಕೊಳ್ಳಬಾರದು.

ಸಂದರ್ಭ ಯಾಕೆ ಮುಖ್ಯ? ಕುಂಡೆ ಹಬ್ಬ ನೋಡಿ. ಮೇ ತಿಂಗಳಲ್ಲಿ ದಕ್ಷಿಣ ಕೊಡಗಿನ ದೇವರಪುರದಲ್ಲಿ ಜೇನುಕುರುಬರು, ಯರವರು ಸೇರ್ತಾರೆ. ಗಂಡಸರು ಹೆಂಗಸರ ವೇಷ ಹಾಕ್ತಾರೆ. ಸೋರೆ ಬುರುಡೆ ಬಡೀತಾ ದಾರಿಯಲ್ಲಿ ಸಿಕ್ಕವರನ್ನೆಲ್ಲ ಬೈತಾರೆ, ದೇವರನ್ನೂ ಬಿಡೋದಿಲ್ಲ. ನಮ್ಮನ್ನು ನಡುದಾರಿಯಲ್ಲಿ ಕೈಬಿಟ್ಟು ಹೋದೆ ಅಂತ ದೇವರ ಮೇಲೆ ಸಿಟ್ಟು. ಬೈದು ಮುಗಿದ ಮೇಲೆ ಅದೇ ದೇವರಿಗೆ ಕೈ ಮುಗೀತಾರೆ. ಈ ಬೈಗುಳದ ಹಾಡನ್ನು ಒಂದು ಸಾಲಿನ ವಿವರಣೆಯೂ ಇಲ್ಲದೆ ಸಂಗ್ರಹಕ್ಕೆ ಹಾಕಿದ್ರೆ ಕೇಳಿದವರು ಅಶ್ಲೀಲ ಅಂತಾರೆ. ಬೈಗುಳ ತೆಗೆದು ಹಾಕಿದ್ರೆ ಹಬ್ಬವೇ ಸತ್ತುಹೋಗುತ್ತೆ. ಎರಡೂ ಅನ್ಯಾಯ ಅಲ್ವಾ?

ಇಲ್ಲಿ ದುಡ್ಡಿನ ಪ್ರಶ್ನೆಯೂ ಇದೆ. 'ಜನಪದ' ಅಂತ ಬರೆದುಬಿಟ್ರೆ ಹಾಡಿಗೆ ಯಜಮಾನರಿಲ್ಲ, ಯಾರಿಗೂ ಪಾಲು ಕೊಡಬೇಕಿಲ್ಲ. ಹಾಡಿದ ಬಾಯಿಗೆ ಹೆಸರೂ ಇಲ್ಲ, ಕಾಸೂ ಇಲ್ಲ.

ಜೇನುಕುರುಬರ ನುಡಿಗೆ ಅದರದ್ದೇ ಲಿಪಿ ಇಲ್ಲ. ಕಾಡೊಳಗಿನಿಂದ ಬಂದು ನಾಗಾಪುರದ ಪುನರ್ವಸತಿ ಹಾಡಿಗಳಲ್ಲಿ ಬೆಳೀತಿರೋ ಮಕ್ಕಳು ಶಾಲೆಯಲ್ಲಿ ಕಲಿಯೋದು ಕನ್ನಡ. ಅಜ್ಜಿಯ ಹಾಡು ಅಜ್ಜಿಯ ಜೊತೆಗೇ ಹೋಗುತ್ತೆ, ಯಾರಾದರೂ ಹಿಡಿದಿಡದಿದ್ದರೆ.

ಇವತ್ತು ಎಲ್ಲರ ಜೇಬಲ್ಲೂ ಧ್ವನಿಮುದ್ರಣ ಯಂತ್ರ ಇದೆ. 30 ನಿಮಿಷದ ಕಟ್ಟೂ ಇಲ್ಲ. ನಿಮ್ಮೂರಿನ ಹಾಡು ಹಿಡಿಯೋಕೆ ಮೊದಲು ಅವರಿಂದ ಒಪ್ಪಿಗೆ ಕೇಳಿ. ಹೆಸರು, ಊರು, ಯಾವ ಹೊತ್ತಿನ ಹಾಡು, ಇಷ್ಟನ್ನು ಅವರ ಬಾಯಲ್ಲೇ ಹೇಳಿಸಿ. ದನಿ ಒಡೆದಿರಲಿ, ಹಿಂದೆ ಕೋಳಿ ಕೂಗಿರಲಿ, ಪರವಾಗಿಲ್ಲ. ಸ್ಟುಡಿಯೋದಲ್ಲಿ ತಿದ್ದಿ ತೀಡಿದ, ಹೆಸರಿಲ್ಲದ ನೂರು ಹಾಡಿಗಿಂತ ಆ ಒಂದು ಹಾಡಿಗೆ ಬೆಲೆ ಜಾಸ್ತಿ.