ಒಡೆಯನ ಮೊಹರು, ನೌಕರನ ಮೂಟೆ

ತಿರುಪ್ಪೂರಿನ ಹೊಲಿಗೆಯ ಕಾರ್ಖಾನೆಗಳಲ್ಲಿ ಬನಿಯನ್ನುಗಳ ಕೊರಳಿಗೆ ಪ್ರತಿದಿನವೂ ಚಿಕ್ಕದೊಂದು ಪಟ್ಟಿಯನ್ನು ಹೊಲಿಯುತ್ತಾರೆ. ಆ ಪಟ್ಟಿಯ ಮೇಲಿರುವ ಹೆಸರು ಹೊಲಿದವನದಲ್ಲ. ಅನೇಕ ವೇಳೆ ಕಾರ್ಖಾನೆಯ ಒಡೆಯನದೂ ಅಲ್ಲ, ಕಡಲಾಚೆಯ ವ್ಯಾಪಾರಸ್ಥನದು. ಕೊಳ್ಳುವವನು ನೂಲನ್ನು ಪರೀಕ್ಷಿಸುವುದಿಲ್ಲ. ಹೆಸರನ್ನು ನೋಡಿ ಹಣ ಕೊಡುತ್ತಾನೆ. ನೌಕರನೊಬ್ಬನು ತನ್ನ ಬಿಡುವಿನಲ್ಲಿ ಸಿದ್ಧಪಡಿಸಿದ ಸರಕಿಗೆ ಅದೇ ಪಟ್ಟಿಯನ್ನು ಹಚ್ಚಿ ಮಾರಿದರೆ ಅವನ ಕೆಲಸ ಹೋಗುವುದೆಂಬುದನ್ನು ಎಲ್ಲರೂ ಬಲ್ಲರು. ಆದರೆ ಅವನು ಕದ್ದದ್ದು ಏನು? ಕೆಟ್ಟದ್ದು ಯಾರಿಗೆ? ಶಿಕ್ಷೆಯು ಎಲ್ಲರಿಗೂ ಸಮನಾಗಿ ಬೀಳುವುದೆ? ಈ ಪ್ರಶ್ನೆಗಳು ಹೊಸವಲ್ಲ. ಇನ್ನೂರು ವರ್ಷಗಳ ಹಿಂದೆ ನಮ್ಮ ಕೊಯಮತ್ತೂರು ಜಿಲ್ಲೆಯಲ್ಲಿಯೇ ಇವು ಎದ್ದಿದ್ದವು. ಆ ಪ್ರಸಂಗವನ್ನು ಉಪಾಧ್ಯಾಯ ಬಂಧುಗಳ ಮತ್ತು ವಿದ್ಯಾರ್ಥಿಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಮೊದಲು ಈಸ್ಟ್ ಇಂಡಿಯಾ ಕಂಪನಿಯ ಪದ್ಧತಿಯನ್ನು ತಿಳಿಯಬೇಕು. ಅದು ಮೂಲತಃ ವ್ಯಾಪಾರದ ಸಂಸ್ಥೆ. ಅದರ ನೌಕರರಲ್ಲಿ ಕೆಳದರ್ಜೆಯವರಿಗೆ ‘ರೈಟರ್’ ಎಂದು ಹೆಸರು, ಅಂದರೆ ಗುಮಾಸ್ತರು. ಇಂಥ ಗುಮಾಸ್ತನಾಗಿಯೇ 1744ರಲ್ಲಿ ಮದರಾಸಿಗೆ ಬಂದ ರಾಬರ್ಟ್ ಕ್ಲೈವನ ಸಂಬಳ ವರ್ಷಕ್ಕೆ 5 ಪೌಂಡು. ಇಷ್ಟರಲ್ಲಿ ಯಾರೂ ಬದುಕಲಾರರೆಂಬುದು ಲಂಡನ್ನಿನ ನಿರ್ದೇಶಕರಿಗೂ ಗೊತ್ತಿತ್ತು. ಆದುದರಿಂದ ಯೂರೋಪಿನ ವ್ಯಾಪಾರವನ್ನು ತಮಗೆ ಇಟ್ಟುಕೊಂಡು, ಏಷ್ಯದ ಬಂದರುಗಳ ನಡುವೆ ನೌಕರರು ಸ್ವಂತ ವ್ಯಾಪಾರ ಮಾಡಿಕೊಳ್ಳಲು ಅವರು ಅನುಮತಿ ಕೊಟ್ಟಿದ್ದರು. ಹೀಗೆ ಒಬ್ಬನೇ ಮನುಷ್ಯನು ಬೆಳಗ್ಗೆ ಕಂಪನಿಯ ನೌಕರ, ಸಂಜೆ ಸ್ವತಂತ್ರ ವರ್ತಕ. ಇವೆರಡರ ನಡುವಣ ಗೆರೆ ಬಹಳ ತೆಳುವಾದುದು.

ಆ ಗೆರೆಯನ್ನು ದಾಟಿದವರಲ್ಲಿ ಪ್ರಸಿದ್ಧನಾದವನು ಎಲಿಹು ಯೇಲ್. ಇವನೂ 1672ರಲ್ಲಿ ಗುಮಾಸ್ತನಾಗಿ ಬಂದು, 1687ರಲ್ಲಿ ಮದರಾಸಿನ ಸಂತ ಜಾರ್ಜ್ ಕೋಟೆಯ ಅಧ್ಯಕ್ಷನಾದನು. ಪದವಿಯ ಬಲದಿಂದ ಸ್ವಂತ ವ್ಯಾಪಾರವನ್ನು ಬೆಳೆಸಿದನೆಂಬ ಆರೋಪಗಳು ಬಂದು 1692ರಲ್ಲಿ ಅಧಿಕಾರವನ್ನು ಕಳೆದುಕೊಂಡನು. ಆದರೆ ಸಂಪತ್ತನ್ನು ಕಳೆದುಕೊಳ್ಳಲಿಲ್ಲ. ಅಮೆರಿಕದ ಒಂದು ವಿದ್ಯಾಶಾಲೆಗೆ ಅವನು ಕಳುಹಿಸಿದ ಒಂಬತ್ತು ಮೂಟೆ ಸರಕು ಮತ್ತು 417 ಪುಸ್ತಕಗಳ ಉಪಕಾರಕ್ಕಾಗಿ 1718ರಲ್ಲಿ ಆ ಶಾಲೆಗೆ ಅವನ ಹೆಸರನ್ನೇ ಇಟ್ಟರು. ಇಂದಿನ ಯೇಲ್ ವಿಶ್ವವಿದ್ಯಾನಿಲಯವೇ ಅದು. ಕೆಲಸದಿಂದ ತೆಗೆಯಲ್ಪಟ್ಟವನ ಹೆಸರು ವಿದ್ಯೆಯ ಬಾಗಿಲಿನ ಮೇಲೆ ಉಳಿದದ್ದು ಚರಿತ್ರೆಯ ವಿನೋದವಲ್ಲವೆ?

ಬಂಗಾಳದಲ್ಲಿ ಈ ರೋಗವು ಪ್ರಜೆಗಳ ಮೈಗೇ ಹತ್ತಿತು. 1717ರಲ್ಲಿ ಬಾದಶಹ ಫರುಖ್‌ಸಿಯರನು ವರ್ಷಕ್ಕೆ 3000 ರೂಪಾಯಿಗಳ ಕಾಣಿಕೆಗೆ ಪ್ರತಿಯಾಗಿ ಕಂಪನಿಯ ಸರಕಿಗೆ ಸುಂಕವನ್ನು ಮನ್ನಾ ಮಾಡಿದನು. ಸರಕಿನೊಡನೆ ಹೋಗುವ ರಹದಾರಿ ಚೀಟಿಗೆ ‘ದಸ್ತಕ’ ಎಂದು ಹೆಸರು. ಅದರ ಮೇಲೆ ಕಂಪನಿಯ ಮೊಹರು. ನೌಕರರು ಈ ಚೀಟಿಗಳನ್ನು ತಮ್ಮ ಸ್ವಂತ ಉಪ್ಪು, ಅಡಕೆ, ಹೊಗೆಸೊಪ್ಪಿನ ಮೂಟೆಗಳಿಗೂ ಕಟ್ಟಿದರು. ಬೇರೆ ವರ್ತಕರಿಗೆ ಹಣಕ್ಕೆ ಮಾರಿದರು. ಸುಂಕದ ಕಟ್ಟೆಯಲ್ಲಿ ನಿಂತವನು ಮೊಹರನ್ನು ನೋಡಿ ದಾರಿ ಬಿಡಬೇಕು. ಸುಂಕ ತೆರುತ್ತಿದ್ದ ನಾಡಿನ ವರ್ತಕನು ಮುಳುಗಿದನು. ನವಾಬ ಮೀರ್ ಕಾಸಿಮನು ಬೇಸತ್ತು 1763ರಲ್ಲಿ ಎಲ್ಲರಿಗೂ ಸುಂಕವನ್ನು ತೆಗೆದುಹಾಕಿದನು. ಎಲ್ಲರೂ ಸಮಾನರಾದರೆ ಮೊಹರಿಗೆ ಬೆಲೆಯೆಲ್ಲಿ? ಕಂಪನಿಯವರು ಯುದ್ಧಕ್ಕೆ ನಿಂತರು. 1764ರ ಅಕ್ಟೋಬರಿನಲ್ಲಿ ಬಕ್ಸಾರಿನ ಕಾಳಗವಾಯಿತು. ನಾವು ಪಾಠದಲ್ಲಿ ಓದಿಸುವ ಆ ಕಾಳಗದ ಹಿಂದೆ ನೌಕರರ ಖಾಸಗಿ ಮೂಟೆಗಳಿದ್ದವೆಂಬುದನ್ನು ಮಕ್ಕಳಿಗೆ ಹೇಳಬೇಕು.

ಮುಂದೆ ನಡೆದುದು ಇನ್ನೂ ವಿಚಾರಾರ್ಹ. 1765ರಲ್ಲಿ ವ್ಯವಸ್ಥೆಯನ್ನು ಶುದ್ಧಗೊಳಿಸಲು ಮರಳಿ ಬಂದ ಕ್ಲೈವನು, ಮೇಲಧಿಕಾರಿಗಳಿಗೆ ಲಾಭ ಹಂಚುವ ವ್ಯಾಪಾರದ ಸಂಘವೊಂದನ್ನು ಉಪ್ಪು, ಅಡಕೆ, ಹೊಗೆಸೊಪ್ಪುಗಳಿಗಾಗಿ ತಾನೇ ಏರ್ಪಡಿಸಿದನು. ಲಂಡನ್ನಿನವರು ಒಪ್ಪದೆ 1768ರಲ್ಲಿ ಅದು ಮುಚ್ಚಿತು. ಅದೇ 1768ರಲ್ಲಿ ವಿಲಿಯಂ ಬೋಲ್ಟ್ಸ್ ಎಂಬ ಮಾಜಿ ನೌಕರನನ್ನು, ಖಾಸಗಿ ವ್ಯಾಪಾರವೇ ಮೊದಲಾದ ತಕರಾರುಗಳಿಗಾಗಿ, ಬಂಗಾಳದಿಂದ ಬಲಾತ್ಕಾರವಾಗಿ ಹಡಗು ಹತ್ತಿಸಿದರು. ಅವನು 1772ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿ, ಮೇಲಿನವರ ಗುಟ್ಟುಗಳನ್ನೆಲ್ಲ ಬಯಲಿಗೆಳೆದನು. ಒಂದೇ ತಪ್ಪಿಗೆ ಒಬ್ಬನಿಗೆ ಲಾಭದ ಪಾಲು, ಇನ್ನೊಬ್ಬನಿಗೆ ಗಡೀಪಾರು. ಕಂಪನಿಯು ಎಣಿಸಿದುದು ತನ್ನ ನಷ್ಟವನ್ನು, ಪ್ರಜೆಯ ನಷ್ಟವನ್ನಲ್ಲ. ಕೊನೆಗೆ 1773ರ ಕಾಯಿದೆಯೂ ತರುವಾಯ ಕಾರ್ನ್‌ವಾಲೀಸನ ಸುಧಾರಣೆಗಳೂ ಕಲೆಕ್ಟರರ ಸ್ವಂತ ವ್ಯಾಪಾರವನ್ನು ನಿಷೇಧಿಸಿ, ಸಂಬಳವನ್ನು ಏರಿಸಿದವು. ಆದರೆ ಏರಿದುದು ಬಿಳಿಯರ ಸಂಬಳ. ಕಚೇರಿಯ ದೇಶೀಯ ನೌಕರರದು ಹಿಂದಿನಂತೆಯೇ ಉಳಿಯಿತು.

ಈಗ ನಮ್ಮ ಜಿಲ್ಲೆಗೆ ಬರೋಣ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ, ಮೈಸೂರಿನ ಆಳ್ವಿಕೆಯಲ್ಲಿದ್ದ ಕೊಯಮತ್ತೂರು ಸೀಮೆಯು ಕಂಪನಿಯ ಕೈಸೇರಿತು. ಅಂದಿನ ಜಿಲ್ಲೆಯು ಇಂದಿನದಕ್ಕಿಂತ ಬಹಳ ವಿಶಾಲ. 2009ರಲ್ಲಿ ಬೇರೆ ಜಿಲ್ಲೆಯಾದ ತಿರುಪ್ಪೂರು, 1979ರಲ್ಲಿ ಬೇರೆಯಾದ ಈರೋಡು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಕೊಳ್ಳೇಗಾಲ, ಇವೆಲ್ಲವೂ ಒಂದೇ ಕಲೆಕ್ಟರನ ಕೈಕೆಳಗಿದ್ದವು. ಕನ್ನಡ ಮಾತಾಡುವ ದೇವಾಂಗ ನೇಕಾರರೂ ಒಕ್ಕಲಿಗರೂ ಆ ಕಚೇರಿಗೆ ಕಂದಾಯ ಸಲ್ಲಿಸುತ್ತಿದ್ದರು. ಇಲ್ಲಿಯ ಮುಖ್ಯ ಬೆಳೆಗಳಲ್ಲಿ ಹೊಗೆಸೊಪ್ಪು ಒಂದು. ಮಲಬಾರಿನಲ್ಲಿ ಅದರ ಮಾರಾಟವನ್ನು ಕಂಪನಿಯು ತನ್ನೊಬ್ಬಳ ಹಕ್ಕಾಗಿ ಮಾಡಿಕೊಂಡಿತ್ತು. ಅದಕ್ಕೆ ಬೇಕಾದ ಸೊಪ್ಪು ಕೊಯಮತ್ತೂರಿನ ಹೊಲಗಳಿಂದ ಘಟ್ಟದ ಕಣಿವೆಯನ್ನು ದಾಟಿ ಹೋಗುತ್ತಿತ್ತು.

ಆಗಿನ ಕಲೆಕ್ಟರ್ ವಿಲಿಯಂ ಗ್ಯಾರೋ. ಅವನ ಕಚೇರಿಯ ಖಜಾಂಚಿ ಕಾಶಿ ಚೆಟ್ಟಿ. ಖಜಾನೆಯ ಬೀಗ ಕೈಯಲ್ಲಿದ್ದುದರಿಂದ ಈ ಖಜಾಂಚಿಯು ಸರ್ಕಾರದ ಹಣವನ್ನೇ ಬಂಡವಾಳ ಮಾಡಿಕೊಂಡು ಸ್ವಂತ ವ್ಯಾಪಾರವನ್ನು ನಡೆಸಿದನು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಬರಿಯ ಹಣವಾಗಿದ್ದರೆ ಅದು ಕಳ್ಳತನದ ಮಾತು. ಲೆಕ್ಕ ಸರಿಹೊಂದಿಸಿದರೆ ತೀರುತ್ತಿತ್ತು. ಅವನು ಬಳಸಿದುದು ಕಚೇರಿಯ ಅಧಿಕಾರವನ್ನೂ. ಕಂದಾಯ ವಸೂಲಿಗೆ ಹೋಗುವ ಪೇದೆಯೇ ಚೆಟ್ಟಿಯ ವ್ಯಾಪಾರದ ಮಾತನ್ನೂ ಹೊತ್ತು ಹೋದರೆ ರೈತನು ಏನು ಮಾಡಿಯಾನು? ಬಾಗಿಲಿಗೆ ಬಂದವನ ಪಟ್ಟಿ ಒಂದೇ, ಬೆತ್ತ ಒಂದೇ. ಈ ಬೆಲೆ ಸರ್ಕಾರದ್ದೋ ಚೆಟ್ಟಿಯದೋ ಎಂದು ಕೇಳುವ ಧೈರ್ಯ ಅವನಿಗೆಲ್ಲಿಂದ ಬರಬೇಕು? ಬೇಲಿಯೇ ಎದ್ದು ಹೊಲ ಮೇಯ್ದ ಗಾದೆಗೆ ಇದಕ್ಕಿಂತ ಹೊಂದುವ ಉದಾಹರಣೆ ಸಿಕ್ಕಲಾರದು.

ದೂರುಗಳು ಮದರಾಸಿಗೆ ಮುಟ್ಟಿದವು. 1815ರ ಸುಮಾರಿಗೆ ಸರ್ಕಾರವು ವಿಚಾರಣೆಗಾಗಿ ಥಾಮಸ್ ಮನ್ರೋ ಮತ್ತು ಜಾನ್ ಸಲ್ಲಿವನ್ ಎಂಬಿಬ್ಬರನ್ನು ನೇಮಿಸಿತು. ಬಳ್ಳಾರಿಯ ಕಡೆಯವರಿಗೆ ಮನ್ರೋ ಸಾಹೇಬನ ಪರಿಚಯ ಹೇಳಬೇಕಾದ್ದಿಲ್ಲ. ಸಲ್ಲಿವನ್ನನು ತರುವಾಯ ಇಲ್ಲಿಯ ಕಲೆಕ್ಟರನಾಗಿ, 1819ರಲ್ಲಿ ನೀಲಗಿರಿಯನ್ನು ಹತ್ತಿ ಉದಕಮಂಡಲಕ್ಕೆ ಬುನಾದಿ ಹಾಕಿದವನು. ಇವರ ವಿಚಾರಣೆಯಲ್ಲಿ ಖಜಾಂಚಿಯ ಅಕ್ರಮಗಳು ಹೊರಬಿದ್ದವು. ಮೇಲಧಿಕಾರಿಯ ಆಶ್ರಯವಿಲ್ಲದೆ ಅಷ್ಟು ಕಾಲ ಅವು ನಡೆಯಲಾರವೆಂಬುದೂ ಸ್ಪಷ್ಟವಾಯಿತು. ಇಲ್ಲಿ ತಪ್ಪು ಒಬ್ಬ ಕರಿಯ ನೌಕರನ ಮೇಲೆ ಮಾತ್ರ ಬಿದ್ದು ಮುಗಿಯಲಿಲ್ಲವೆಂಬುದು ಗಮನಾರ್ಹ.

ಮನ್ರೋ 1820ರಲ್ಲಿ ಮದರಾಸಿನ ಗವರ್ನರನಾದನು. 1822ರಲ್ಲಿ ಕಂದಾಯದ ನೌಕರರ ಅಪಹಾರ ಮತ್ತು ಲಂಚಕೋರತನಗಳನ್ನು ದಂಡಿಸುವ 9ನೆಯ ರೆಗ್ಯುಲೇಷನ್ ಜಾರಿಗೆ ಬಂದಿತು. ಆದರೆ ಅವನು ದಂಡವೊಂದನ್ನೇ ನಂಬಿದವನಲ್ಲ. ದೇಶೀಯ ನೌಕರರಿಗೆ ಅಲ್ಪ ಸಂಬಳ ಕೊಟ್ಟು, ದೊಡ್ಡ ಹುದ್ದೆಗಳನ್ನು ಮುಚ್ಚಿ, ಅವರಿಂದ ಪ್ರಾಮಾಣಿಕತೆಯನ್ನು ನಿರೀಕ್ಷಿಸುವುದು ಅನ್ಯಾಯವೆಂದು ವಾದಿಸಿದನು. ಕಳ್ಳನನ್ನು ಹಿಡಿದವನೇ ಕಳ್ಳತನದ ಕಾರಣವನ್ನೂ ಒಪ್ಪಿಕೊಂಡನು. ಈ ಎರಡನೆಯ ಮಾತನ್ನು ಒಡೆಯರಾದವರು ಸಾಮಾನ್ಯವಾಗಿ ಮರೆಯುತ್ತಾರೆ.

ಹಾಗಾದರೆ ನೌಕರನಾದವನು ಸ್ವಂತದ್ದೇನನ್ನೂ ಮಾಡಬಾರದೆ? ಇದಕ್ಕೂ ನಮ್ಮ ನೆರೆಯಲ್ಲಿಯೇ ಉತ್ತರವುಂಟು. ಸೇಲಂ ಮತ್ತು ಕೊಯಮತ್ತೂರು ಸೀಮೆಗಳಲ್ಲಿ ಕಂಪನಿಯ ವಾಣಿಜ್ಯಾಧಿಕಾರಿಯಾಗಿದ್ದ ಜೋಸೈಯ ಮಾರ್ಷಲ್ ಹೀತ್ ಎಂಬವನಿಗೆ ಸೇಲಮಿನ ಕಬ್ಬಿಣದ ಅದಿರಿನ ಮೇಲೆ ಮನಸ್ಸು ಹೋಯಿತು. ಅವನು ಕಂಪನಿಯ ಅಪ್ಪಣೆಯನ್ನು ಬೇಡಿ ಪಡೆದನು, ಕೆಲಸವನ್ನು ಬಿಟ್ಟನು, ಸಾಲವನ್ನು ಸಾಲವೆಂದೇ ತೆಗೆದುಕೊಂಡನು. 1830ರ ಸುಮಾರಿಗೆ ಪರಂಗಿಪೇಟೆಯಲ್ಲಿ ಅವನ ಕಾರ್ಖಾನೆ ಎದ್ದಿತು. ಅದರಿಂದ ಅವನು ಸುಖಪಡಲಿಲ್ಲ, ನಷ್ಟವೇ ಹೆಚ್ಚಾಯಿತು. ಆದರೂ ನಷ್ಟವು ಅವನ ಹೆಸರಿನಲ್ಲಿ ಆಯಿತು. ಯಾವ ರೈತನೂ ಹೀತನ ಕಬ್ಬಿಣವನ್ನು ಕಂಪನಿಯ ಕಬ್ಬಿಣವೆಂದು ನಂಬಿ ಮೋಸಹೋಗಲಿಲ್ಲ.

ಮೊಹರು ಎಂಬುದು ಒಡೆಯನ ಸ್ವತ್ತೆಂದು ನಾವು ತಿಳಿಯುತ್ತೇವೆ. ಅದು ಅರ್ಧ ಸತ್ಯ. ಅದನ್ನು ನೋಡಿ ನಂಬುವವರ ನಂಬಿಕೆಯೇ ಅದರ ಬೆಲೆ. ಆದುದರಿಂದ ಒಡೆಯನ ಹೆಸರಿನ ಕೆಳಗೆ ತನ್ನ ಮೂಟೆಯನ್ನು ಸಾಗಿಸುವವನು ಒಡೆಯನಿಗಿಂತ ಮೊದಲು, ಎರಡನ್ನೂ ಬೇರ್ಪಡಿಸಿ ನೋಡಲಾರದ ಬಡವನನ್ನು ವಂಚಿಸುತ್ತಾನೆ. ಸರ್ಕಾರಿ ನೌಕರನು ಕಾನೂನಿಗೆ ವಿರೋಧವಾಗಿ ವ್ಯಾಪಾರ ಮಾಡುವುದನ್ನು 1860ರ ದಂಡಸಂಹಿತೆಯ 168ನೆಯ ಕಲಮು ಅಪರಾಧವೆಂದಿತು. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಆ ನಿಯಮ ಉಳಿದಿದೆ.

ಉಪಾಧ್ಯಾಯರಾದ ನಮಗೂ ಒಂದು ಮೊಹರು ಉಂಟು. ಅದು ಶಾಲೆಯ ಹೆಸರು. ನಾವು ಬಿಡುವಿನಲ್ಲಿ ಪ್ರಶ್ನೋತ್ತರದ ಪುಸ್ತಕವನ್ನು ಬರೆಯಬಹುದು, ಮನೆಪಾಠದ ಟಿಪ್ಪಣಿಗಳನ್ನು ಅಚ್ಚು ಹಾಕಿಸಬಹುದು. ಅದರ ಮೇಲೆ ಶಾಲೆಯ ಮುದ್ರೆಯಿದ್ದರೆ, ಓದುಬಾರದ ತಂದೆಯು ಅದನ್ನು ಕೊಳ್ಳಲೇಬೇಕಾದ ಪುಸ್ತಕವೆಂದು ತಿಳಿದು, ಕೂಲಿಯ ಹಣವನ್ನು ಬಿಚ್ಚಿ ಕೊಡುತ್ತಾನೆ. ಕಾಶಿ ಚೆಟ್ಟಿಯ ಪೇದೆಗೂ ನಮಗೂ ಆಗ ಏನು ಅಂತರ? ಬರೆಯಬೇಡವೆಂದು ನಾವು ಹೇಳುತ್ತಿಲ್ಲ. ಅಪ್ಪಣೆಯನ್ನು ಕೇಳೋಣ, ನಮ್ಮ ಹೆಸರನ್ನೇ ಹಾಕೋಣ, ಬೇಡವೆನ್ನುವ ಸ್ವಾತಂತ್ರ್ಯವನ್ನು ಕೊಳ್ಳುವವನಿಗೆ ಬಿಡೋಣ. ಶಾಲೆಗಳನ್ನು ನಡೆಸುವವರೂ ಇಷ್ಟನ್ನು ನೆನೆಯಲಿ: ಹೊಟ್ಟೆಗೆ ಸಾಲುವಷ್ಟು ಕೊಡದೆ, ಕೇಳಿದಾಗ ಅನುಮತಿಯನ್ನೂ ಕೊಡದೆ, ಸಿಕ್ಕಿಬಿದ್ದಾಗ ಮಾತ್ರ ಕೆಲಸದಿಂದ ತೆಗೆಯುವ ಒಡೆಯನು ಬಂಗಾಳದ ಕಂಪನಿಯ ಪಾಠವನ್ನು ಇನ್ನೂ ಕಲಿತಿಲ್ಲ.